ಮೆಶ್ ಇಂಟರ್‌ಕಾಮ್ ಅಂದರೇನು?

ಬೈಕ್ ಸವಾರರು ಓಡಿಸುತ್ತಲೇ ಒಬ್ಬರೊಡನೊಬ್ಬರು ಮಾತಾಡಲು ಬಳಸುವ ಹೆಲ್ಮೆಟ್ ಇಂಟರ್‌ಕಾಮ್‌ನ ಡಬ್ಬಿ ಮೇಲೆ ‘ಮೆಶ್’ ಎಂದಿದ್ದರೆ ಬೆಲೆ ಏರುತ್ತದೆ. ಮೆಶ್ ಎಂದರೆ ಬಲೆ. ಒಂದೆರಡು ಎಳೆ ಹರಿದರೂ ಬಲೆ ಹಿಡಿದುಕೊಂಡಿರುತ್ತದಲ್ಲ, ಹೆಚ್ಚಿನ ದುಡ್ಡು ಆ ಗುಣಕ್ಕೆ.

ಬ್ಲೂಟೂತ್ ಇಂಟರ್‌ಕಾಮ್ ಕೆಲಸ ಮಾಡುವುದು ಸರಪಳಿಯ ಹಾಗೆ. ನಾಲ್ವರು ಹೊರಟರೆ ಒಂದನೆಯವರಿಗೆ ಎರಡನೆಯವರು, ಎರಡನೆಯವರಿಗೆ ಮೂರನೆಯವರು ಎಂದು ಸಾಲಾಗಿ ಪೇರ್ ಮಾಡಬೇಕು. ಎರಡನೆಯವರು ಪೆಟ್ರೋಲ್ ಬಂಕ್‌ಗೆ ತಿರುಗಿದರೋ, ಮುಂದಿನವರು ಒಂಟಿ. ಹಿಂದಿನ ಇಬ್ಬರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬೇಕು. ಮೆಶ್‌ನಲ್ಲಿ ಪ್ರತಿ ಸೆಟ್ಟೂ ಕೈಗೆಟುಕಿದ ಎಲ್ಲ ಸೆಟ್ಟುಗಳೊಡನೆ ಕೂಡಿಕೊಂಡು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತದೆ. ಒಬ್ಬರು ಕಳಚಿಕೊಂಡರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಅವರು ವಾಪಸ್ ಬಂದಾಗ ಬಟನ್ ಒತ್ತದೆಯೇ ಸೇರಿಕೊಳ್ಳುತ್ತಾರೆ.

ಡಬ್ಬಿ ಮೇಲಿನ ರೇಂಜ್ ಓದುವಾಗ ಎಚ್ಚರ. ಕಾರ್ಡೋ ಕಂಪನಿ ಹೇಳುವ 1.6 ಕಿ.ಮೀ. ಇಬ್ಬರು ಸವಾರರ ನಡುವಿನದು, 8 ಕಿ.ಮೀ. ಎಂಬುದು ನಡುವೆ ಸಾಕಷ್ಟು ಜನರಿರುವ ಇಡೀ ಸಾಲಿನದು. ಎರಡೂ ಬಯಲಿನ ಲೆಕ್ಕ. ಈ ಸೆಟ್ಟುಗಳ 2.4 ಗಿಗಾಹರ್ಟ್ಸ್ ತರಂಗ ಗುಡ್ಡವನ್ನು ತೂರಿ ಹೋಗದು. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಲೀಡ್ ಸವಾರ ಬಂಡೆಯ ಮರೆಗೆ ಸರಿದರೆ ಸಾಕು, ಕೂಗಳತೆಯಲ್ಲಿದ್ದರೂ ದನಿ ಕತ್ತರಿಸುತ್ತದೆ. ಆ ಹೊತ್ತಿಗೆ ಮೂರನೆಯವರೊಬ್ಬರು ತಿರುವಿನ ಮೂಲೆಯಲ್ಲಿ, ಹಿಂದಿನವರಿಗೂ ಮುಂದಿನವರಿಗೂ ಕಾಣುವಂತಿದ್ದರೆ ಮಾತು ಅವರ ಸೆಟ್ ಮೂಲಕ ಸುತ್ತಿಕೊಂಡು ಬರುತ್ತದೆ. ಹಾಗಾಗಿ ಘಾಟಿಯಲ್ಲಿ ಗುಂಪುಗೂಡಿ ಹೋಗುವುದಕ್ಕಿಂತ ಸಮನಾಗಿ ಹರಡಿಕೊಂಡು ಹೋಗುವುದೇ ಮೇಲು. ಹಳೇ ಬ್ಯಾಟರಿಯವರನ್ನು ನಡುವೆ ಹಾಕಬೇಡಿ, ಅವರ ಸೆಟ್ ಆರಿದರೆ ನಡುವಿನ ಕೊಂಡಿ ತಪ್ಪುತ್ತದೆ.

ಇಬ್ಬರೇ ಓಡಾಡುವವರಿಗೆ ಮೆಶ್ ದಂಡ, ಬ್ಲೂಟೂತ್ ಸಾಕು. ನಾಲ್ವರು ದಾಟಿದರೆ ಮೆಶ್ ಬೇಕೇ ಬೇಕು. ಆದರೆ ಮೊದಲು ಗೆಳೆಯರ ಹೆಲ್ಮೆಟ್ ಮೇಲೆ ಯಾವ ಕಂಪನಿಯದಿದೆ ನೋಡಿ. ಕಾರ್ಡೋ ಮೆಶ್‌ಗೆ ಸೆನಾ ಮೆಶ್‌ನ ಭಾಷೆ ತಿಳಿಯದು. ಎರಡೂ ಕಡೆಯ ಒಬ್ಬೊಬ್ಬರು ಬ್ಲೂಟೂತ್‌ನಲ್ಲಿ ಕೈಹಿಡಿದು ಎರಡು ಗುಂಪನ್ನು ಬೆಸೆಯಬಹುದು. ಅವರಲ್ಲಿ ಒಬ್ಬರು ಹಿಂದೆ ಬಿದ್ದರೆ ಮತ್ತದೇ ಸರಪಳಿಯ ಗೋಳು. ಸೆನಾದ ಓಪನ್ ಮೆಶ್‌ನಲ್ಲಿ ಅದೇ ಚಾನೆಲ್‌ನಲ್ಲಿರುವ ಅಪರಿಚಿತರ ಹರಟೆಯೂ ಕಿವಿಗೆ ಬೀಳುತ್ತದೆ. 24 ಜನರವರೆಗಿನ ಗ್ರೂಪ್ ಮೆಶ್ ಮಾಡಿಕೊಂಡರೆ ಆ ಕಾಟವಿಲ್ಲ.

ಇದರ ಬದಲು ವಾಕಿಟಾಕಿ ಎನ್ನುವವರುಂಟು. ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಲೈಸೆನ್ಸ್ ಬೇಡ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 5 ವ್ಯಾಟ್‌ನವು ಈ ವಿನಾಯಿತಿಗೆ ಬರುವುದಿಲ್ಲ.

ಇನ್ನು ‘ಸೆಟ್ ಸರಿಯಿಲ್ಲ’ ಎಂಬ ದೂರು. ಬಹುಪಾಲು ತಪ್ಪು ಕೂರಿಸುವುದರಲ್ಲಿ. ಸ್ಪೀಕರ್ ಕಿವಿಯ ತೂತಿಗೆ ಎದುರಾಗಿರಬೇಕು. ಒಂದು ಸೆಂಟಿಮೀಟರ್ ಜರುಗಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಸರಿಯಾಗಿ ಕೇಳದು. ಮೈಕ್‌ನ ಗುರುತಿರುವ ಮುಖ ತುಟಿಯ ಕಡೆ ಇರಲಿ, ಸ್ಪಂಜಿನ ಟೋಪಿ ಕಳೆಯಬೇಡಿ. ಅದಿಲ್ಲದೆ ವೈಸರ್ ತೆರೆದು ಓಡಿಸುವ ಒಬ್ಬರ ಗಾಳಿ ಸದ್ದು ಇಡೀ ಗುಂಪಿನ ಕಿವಿ ಕೊರೆಯುತ್ತದೆ. ಸ್ಪೀಕರಿಗೆ ಜಾಗ ಸಾಲದೆಂದು ಒಳಗಿನ ಥರ್ಮಾಕೋಲ್ ಮಾತ್ರ ಕೆತ್ತಬೇಡಿ, ಬಿದ್ದಾಗ ತಲೆ ಕಾಯುವುದು ಅದೇ. ತೆಳು ಸ್ಪೀಕರ್ ಕೊಳ್ಳಿ.