ವಿಂಡೋಸ್ 10 ಮುಗಿಯುವ ತಾರೀಖು ಹತ್ತು ವರ್ಷ ಮೊದಲೇ ಗೊತ್ತಿತ್ತು

ಮಲ್ಲೇಶ್ವರದ ಒಂದು ಸಣ್ಣ ಆಡಿಟ್ ಆಫೀಸಿನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಒಟ್ಟು 14 ಸಿಸ್ಟಂ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್, ಅಂದರೆ ಭದ್ರತೆಯ ಮಾಮೂಲಿ ಅಪ್‌ಡೇಟ್‌ಗಳನ್ನು, ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಆಡಿಟ್ ಆಫೀಸಿಗೆ ಅದು ಊಟಕ್ಕೂ ಬಿಡುವಿಲ್ಲದ ಕಾಲ. ಆಗ ಒಂದು ಸಿಸ್ಟಂ ಬಿಚ್ಚಿದರೂ ಒಬ್ಬರ ಕೆಲಸ ನಿಂತುಹೋಗುತ್ತದೆ.

ಆದರೆ ಈ ತಾರೀಖು ಹೊಸದಲ್ಲ. 2015ರ ಜುಲೈನಲ್ಲಿ ವಿಂಡೋಸ್ 10 ಬಂದಾಗಲೇ ಹೇಳಿದ್ದರು. ಹಾಗಿದ್ದರೂ ಅಷ್ಟೊಂದು ಜನ ಕೊನೇ ಗಳಿಗೆಯಲ್ಲಿ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಓಡಿದ್ದು ಯಾಕೆ?

ಶುರು ವಿಂಡೋಸ್ ಎಕ್ಸ್‌ಪಿಯಿಂದ. 2001ರ ಅಕ್ಟೋಬರ್‌ನಲ್ಲಿ ಬಂದ ಅದು 2014ರ ಏಪ್ರಿಲ್ 8ರವರೆಗೆ ಬದುಕಿತ್ತು. ಮುಂದಿನ ಆವೃತ್ತಿ ವಿಸ್ಟಾ ತಡವಾಗಿ 2007ಕ್ಕೆ ಬಂತು, ಬಂದರೂ ಜನರಿಗೆ ಹಿಡಿಸಲಿಲ್ಲ. ಹನ್ನೆರಡು ವರ್ಷಕ್ಕೂ ಜಾಸ್ತಿ ಒಂದೇ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ನೋಡಿದವರಿಗೆ ಅದು ಮುಗಿಯುತ್ತದೆ ಅನ್ನುವುದೇ ಮರೆತುಹೋಗಿತ್ತು. 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, 2019ರ ಜೂನ್ ಒಳಗೆ ಎಟಿಎಂಗಳಿಂದ ಹಳೇ ಓಎಸ್ ತೆಗೆಯಿರಿ ಅಂತ ಬ್ಯಾಂಕುಗಳಿಗೆ ಗಡುವು ಕೊಡಬೇಕಾಯಿತು. ಎಕ್ಸ್‌ಪಿ ಮುಗಿದು ಆಗಲೇ ನಾಲ್ಕು ವರ್ಷ ದಾಟಿತ್ತು!

ಹಳೇ ಸಿಸ್ಟಂ ಇಟ್ಟುಕೊಂಡವರನ್ನೆಲ್ಲ ಸೋಮಾರಿಗಳು ಅನ್ನುವುದು ತಪ್ಪು. ಕನ್ನಡ ಡಿಟಿಪಿ ಮಾಡುವವರನ್ನೇ ನೋಡಿ. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದಕ್ಕೆ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಯೂನಿಕೋಡ್ ಬರುವುದಿಲ್ಲ. ನುಡಿಯಂಥ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಅವರು ಕೂಡಿಸಿಟ್ಟ ಮದುವೆ ಪತ್ರಿಕೆ, ಪುಸ್ತಕ, ಪಂಚಾಂಗಗಳನ್ನು ಹೊಸ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಎಷ್ಟೋ ಸಲ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಆ ಹಳೇ ಪೆಟ್ಟಿಗೆಯಲ್ಲಿ ಅವರ ಇಪ್ಪತ್ತು ವರ್ಷದ ದುಡಿಮೆ ಕೂತಿದೆ. ಅಂಥವರಿಗೆ ನಾನು ಹೇಳುವುದು ಒಂದೇ: ಸಿಸ್ಟಂ ಇಟ್ಟುಕೊಳ್ಳಿ, ಇಂಟರ್ನೆಟ್ ವೈರು ಮಾತ್ರ ಕಿತ್ತುಬಿಡಿ.

ಯಾಕೆ ಅಂದರೆ 2017ರ ಮೇ 12. ಅವತ್ತು ವಾನಾಕ್ರೈ ಅನ್ನುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳವರೆಗೆ ಕಂಪ್ಯೂಟರ್‌ಗಳಿಗೆ ಬೀಗ ಬಿತ್ತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಬಂದಿತ್ತು. ಆದರೆ ಎಕ್ಸ್‌ಪಿ ಇಟ್ಟುಕೊಂಡ ಸಾಮಾನ್ಯರಿಗೆ ಅದು ಸಿಕ್ಕಿರಲಿಲ್ಲ, ದಾಳಿ ಆದಮೇಲೆ ಸಿಕ್ಕಿತು. ಹೊಡೆತ ತಿಂದವುಗಳಲ್ಲಿ ಹೆಚ್ಚಿನವು ವಿಂಡೋಸ್ 7, ಅಂದರೆ ಸಪೋರ್ಟ್ ಇದ್ದೂ ಅಪ್‌ಡೇಟ್ ಹಾಕದ ಸಿಸ್ಟಂಗಳು.

ವಿಂಡೋಸ್ 7 ಮುಗಿದದ್ದು 2020ರ ಜನವರಿ 14ಕ್ಕೆ. ಆಗ ಕೆಲಸ ಸುಲಭವಿತ್ತು. ಅದೇ ಸಿಸ್ಟಂಗೆ ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ, ಫಾರ್ಮ್ಯಾಟ್ ಹೊಡೆದು, 10 ಕೂರಿಸಿದರೆ ಮುಗೀತು. ಮುಂದಿನ ಸಲವೂ ಹೀಗೇ ಅಂದುಕೊಂಡೆವು. 2015ರಲ್ಲಿ ಮೈಕ್ರೋಸಾಫ್ಟ್ ಉದ್ಯೋಗಿಯೊಬ್ಬರು ಇದೇ ಕೊನೆಯ ವಿಂಡೋಸ್ ಅಂತ ವೇದಿಕೆಯಲ್ಲೇ ಹೇಳಿದ್ದರು, ಅಲ್ವಾ?

ದಾರಿ ತಿರುಗಿದ್ದು 2021ರಲ್ಲಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಕಂಪನಿಯದಾದರೆ ಹೆಚ್ಚುಕಡಿಮೆ 8ನೇ ಜನರೇಷನ್‌ನಿಂದ ಈಚಿನದ್ದೇ ಆಗಬೇಕು ಅಂದರು. ಅಲ್ಲಿಗೆ ಓಎಸ್ ಬದಲಿಸುವುದು ಅಂದರೆ ಪೆಟ್ಟಿಗೆಯನ್ನೇ ಬದಲಿಸುವುದು ಅಂತಾಯಿತು.

ನಮಗೆ ಏಟು ಬಿದ್ದದ್ದು ಇಲ್ಲೇ. 2018ರ ಶುರುವಿನಲ್ಲಿ ಆರು ಸಿಸ್ಟಂ ತೆಗೆದುಕೊಂಡಿದ್ದೆವು. 8ನೇ ಜನರೇಷನ್ ಆಗಲೇ ಮಾರುಕಟ್ಟೆಗೆ ಬಂದಿತ್ತು. ಅಂಗಡಿಯವರು ಉಳಿದಿದ್ದ 7ನೇ ಜನರೇಷನ್ ಮಾಲನ್ನು ಸ್ವಲ್ಪ ಕಡಿಮೆಗೆ ಕೊಟ್ಟರು, ನಾವೂ ಕೇಳಲಿಲ್ಲ. ಮೂರೂವರೆ ವರ್ಷಕ್ಕೆ ಆ ಆರೂ ಪಟ್ಟಿಯಿಂದ ಹೊರಗೆ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಹೀಗೆ ಬದಿಗಿಡುವುದು ನನಗೆ ಇವತ್ತಿಗೂ ಸಂಕಟದ ವಿಷಯ.

ಅದಾದಮೇಲೆ ನಾನು ಪುಸ್ತಕ ಇಟ್ಟೆ. ಪ್ರತಿ ಸಿಸ್ಟಂ ಕೊಂಡ ವರ್ಷ, ಪ್ರೊಸೆಸರ್ ನಂಬರ್. ಐ5-7400 ಅಂತ ಇದ್ದರೆ ಗೆರೆ ಆದಮೇಲಿನ 7 ಜನರೇಷನ್ ಹೇಳುತ್ತದೆ, ಐ5-10400 ಆದರೆ 10. 14ರಲ್ಲಿ ಹೊಸವು ಐದು, ಅವುಗಳಲ್ಲೂ ಎರಡು ವಿಂಡೋಸ್ 11ಕ್ಕೆ ಆಗುವುದಿಲ್ಲ ಅಂತ ತೋರಿಸಿದವು. ನೋಡಿದರೆ ಬಯೋಸ್‌ನಲ್ಲಿ (ಸಿಸ್ಟಂನ ಒಳಗಿನ ಮೂಲ ಸೆಟ್ಟಿಂಗ್‌ನಲ್ಲಿ) ಟಿಪಿಎಂ ಆಫ್ ಆಗಿತ್ತು ಅಷ್ಟೆ. ನೋಡದೇ ಇದ್ದಿದ್ದರೆ ಸುಮ್ನೆ ಹೊಸದಕ್ಕೆ ದುಡ್ಡು ಹಾಕುತ್ತಿದ್ದೆವು.

ಇನ್ನು ಹಳೆಯವು. ವಿಂಡೋಸ್ 10 ಮುಗಿದ ಮೇಲೂ ಆಫೀಸುಗಳಿಗೆ ದುಡ್ಡಿಗೆ ಕೊಡುವ ಹೆಚ್ಚುವರಿ ಅಪ್‌ಡೇಟ್‌ನ ದರ ಒಂದು ಸಿಸ್ಟಂಗೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷಕ್ಕೆ ದುಪ್ಪಟ್ಟು. ಮೂರು ವರ್ಷಕ್ಕೆ 427 ಡಾಲರ್, ಆ ದುಡ್ಡಿಗೆ ಹೊಸ ಡೆಸ್ಕ್‌ಟಾಪೇ ಬರುತ್ತದೆ. ಹಾಗಾಗಿ ಅದನ್ನು ಒಂದು ವರ್ಷ ಉಸಿರಾಡಲು ಮಾತ್ರ ಇಟ್ಟುಕೊಂಡೆವು. ಟಿಪಿಎಂ, ಪ್ರೊಸೆಸರ್ ಪರೀಕ್ಷೆಯನ್ನು ಬೈಪಾಸ್ ಮಾಡಿ 11 ಹಾಕಿಕೊಡುತ್ತೇವೆ ಅನ್ನುವವರೂ ಸಿಕ್ಕರು. ಬೇಡ ಅಂದೆ. ಹಾಗೆ ಹಾಕಿದ್ದಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ನಮ್ಮಲ್ಲಿರುವುದು ಬೇರೆಯವರ ಪ್ಯಾನ್, ಬ್ಯಾಂಕ್ ಲೆಕ್ಕ. ಮನೆಗಾದರೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ಓಎಸ್ ಚೆನ್ನಾಗಿ ನಡೆಯುತ್ತದೆ. ನಮಗೆ ಲೆಕ್ಕ ಬರೆಯುವ ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ ಎಲ್ಲ ವಿಂಡೋಸ್ ಮೇಲೇ ನಿಂತಿವೆ.

ಹಾಗಾಗಿ 4ನೇ ಜನರೇಷನ್‌ನ ಮೂರು ಸಿಸ್ಟಂ 2024ರ ಮೇನಲ್ಲಿ ಹೋದವು, 2018ರ ಆ ಆರರಲ್ಲಿ ಮೂರು 2025ರ ಮೇನಲ್ಲಿ. ಬ್ಯಾಂಕ್ ಆಡಿಟ್ ಮುಗಿದು ರಿಟರ್ನ್ಸ್ ಗಡಿಬಿಡಿ ಶುರುವಾಗುವ ಮೊದಲು ನಮಗೆ ಸಿಗುವುದು ಆ ತಿಂಗಳೊಂದೇ. ಹಾರ್ಡ್‌ಡಿಸ್ಕ್ ಪೂರ್ತಿ ಅಳಿಸಿದ ಮೇಲೆಯೇ ಇ-ತ್ಯಾಜ್ಯದವರಿಗೆ ಕೊಟ್ಟು ರಸೀದಿ ಪಡೆದೆವು. ಉಳಿದ ಮೂರರ ಸರದಿ 2026ರ ಮೇಗೆ, ಪುಸ್ತಕದಲ್ಲಿ ಬರೆದಾಗಿದೆ.