ಗಾಡಿ ಮಾರಿದರೂ ಇಳಿಯದ ಹೇರು

ಕಳೆದ ಮಳೆಗಾಲದಲ್ಲಿ ಮುಂಬಯಿಯಿಂದ ಊರಿಗೆ ಬಂದಿದ್ದ ಹೋಟೆಲ್ ಉದ್ಯಮಿಯೊಬ್ಬರು ಕಾರ್ಕಳದ ಆಚೆ ಗದ್ದೆಯೂ ಅಡಿಕೆ ತೋಟವೂ ಸೇರಿದ ಜಾಗವೊಂದನ್ನು ಮೆಚ್ಚಿ, ಮುಂಗಡವನ್ನೂ ಕೊಟ್ಟು, ಆ ಬಳಿಕವಷ್ಟೇ ಅದರ ದಾಖಲೆಗಳನ್ನು ಮಂಗಳೂರಿನ ನನ್ನ ಕಚೇರಿಗೆ ತಂದರು. ಮುಂಗಡ ಕೊಟ್ಟ ಮೇಲೆ ವಕೀಲರ ಬಳಿಗೆ ಬರುವುದು ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಒಂದು ಸಂಪ್ರದಾಯವೇ ಆಗಿಹೋಗಿದೆ. ಅದರ ಕುರಿತು ಸಿಟ್ಟು ಮಾಡಿಕೊಳ್ಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಕಡತವನ್ನು ಎರಡು ದಿನ ಓದಿ, "ಈ ಜಾಗದ ಮೇಲೆ ಒಂದು ಚಾರ್ಜ್ ಇದೆ" ಎಂದು ಹೇಳಿದೆ. ಅವರು ಕಿಸೆಯಿಂದ ಫೋನ್ ತೆಗೆದು, "ಎಷ್ಟಾಗುತ್ತದೆ ವಕೀಲರೇ? ಹೇಳಿ, ಈಗಲೇ ಕಳುಹಿಸಿಬಿಡುತ್ತೇನೆ" ಎಂದರು.

ಈ ಉತ್ತರವನ್ನು ನಾನು ವರ್ಷಕ್ಕೆ ಹತ್ತಾರು ಬಾರಿ ಕೇಳುತ್ತೇನೆ. ಹೇಳಿದವರು ದಡ್ಡರಲ್ಲ, ನೂರಾರು ಮಂದಿಗೆ ಸಂಬಳ ಕೊಡುವವರು, ಬ್ಯಾಂಕಿನಲ್ಲಿ ಅಧಿಕಾರಿಗಳಾಗಿ ನಿವೃತ್ತರಾದವರು, ಇಂಗ್ಲಿಷ್ ಪಾಠ ಮಾಡಿದವರು ಕೂಡ ಅವರಲ್ಲಿ ಇದ್ದಾರೆ. ತೊಂದರೆ ಇರುವುದು ಪದದ ಅತಿಪರಿಚಯದಲ್ಲಿ. ಬಸ್ಸಿಗೆ ಕೊಡುವುದು ಚಾರ್ಜ್, ಫೋನಿಗೆ ಹಾಕುವುದು ಚಾರ್ಜ್, ಹೊಸ ಸಾಹೇಬರು ಬಂದು ವಹಿಸಿಕೊಳ್ಳುವುದು ಚಾರ್ಜ್, ಗಲಾಟೆಯಾದರೆ ಪೊಲೀಸರು ಮಾಡುವುದು ಲಾಠಿ ಚಾರ್ಜ್. ಇಷ್ಟು ಬಳಕೆಯಲ್ಲಿರುವ ಪದದ ಅರ್ಥವನ್ನು ಯಾರಾದರೂ ಇನ್ನೊಬ್ಬರ ಬಳಿ ಕೇಳುತ್ತಾರೆಯೇ? ಗೊತ್ತಿಲ್ಲದ ಪದವಾಗಿದ್ದರೆ ಕೇಳುತ್ತಿದ್ದರು. ನನ್ನ ಅನುಭವದಲ್ಲಿ ಜನರು ಆಸ್ತಿ ಕಳೆದುಕೊಳ್ಳುವುದು ಗೊತ್ತಿಲ್ಲದ ಪದಗಳಿಂದಲ್ಲ, ಗೊತ್ತಿದೆ ಎಂದುಕೊಂಡ ಪದಗಳಿಂದ.

ಈ ಪದ ಹುಟ್ಟಿದ್ದು ಗಾಡಿಯಿಂದ. ಇಂದಿನ ಫ್ರಾನ್ಸ್ ಇರುವ ಕಡೆ ವಾಸಿಸುತ್ತಿದ್ದ ಗಾಲ್ ಜನರ ಗಾಡಿಯ ಹೆಸರನ್ನು ರೋಮನ್ನರು ತಮ್ಮ ಲ್ಯಾಟಿನ್ ಭಾಷೆಗೆ 'ಕರ್ರುಸ್' ಎಂದು ತೆಗೆದುಕೊಂಡರು. ಅದರಿಂದ, ಗಾಡಿಗೆ ಹೇರು ಎಂಬ ಅರ್ಥದ 'ಕರ್ರಿಕಾರೆ' ಎಂಬ ಕ್ರಿಯಾಪದವಾಯಿತು. ಅದು ಹಳೆಯ ಫ್ರೆಂಚಿನಲ್ಲಿ ಸವೆದು, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದು ಫ್ರೆಂಚನ್ನು ಅಲ್ಲಿನ ಅರಮನೆಗೂ ನ್ಯಾಯಾಲಯಕ್ಕೂ ತಂದ ಮೇಲೆ, 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನೊಳಗೆ ಸೇರಿಕೊಂಡಿತು. ಆಗಲೂ ಅದರ ಮೊದಲ ಅರ್ಥ 'ಹೊರೆ' ಎಂದೇ. ನಮ್ಮ ಅಂಗಳದಲ್ಲಿ ನಿಂತಿರುವ ಕಾರು, ಪಣಂಬೂರಿನ ಬಂದರಿನಲ್ಲಿ ಇಳಿಯುವ ಕಾರ್ಗೋ, ಎರಡೂ ಇದೇ ಗಾಡಿಯ ಮನೆಯವು. ಪತ್ರಿಕೆಗಳಲ್ಲಿ ಬರುವ ಕ್ಯಾರಿಕೇಚರ್ ಕೂಡ ಇದೇ ಕುಟುಂಬದ್ದು: ಒಬ್ಬರ ಮೂಗಿನ ಮೇಲೋ ಕಿವಿಯ ಮೇಲೋ ಇರುವುದಕ್ಕಿಂತ ಹೆಚ್ಚು ಭಾರ ಹೇರುವುದನ್ನು ಇಟಲಿಯವರು ಆ ಹೆಸರಿನಿಂದ ಕರೆದರು.

ಗಾಡಿಗೆ ಹೇರುವ ಪದ ಮುಂದೆ ಬಂದೂಕಿಗೂ ಫಿರಂಗಿಗೂ ಮದ್ದು ತುಂಬುವುದಕ್ಕೆ ಬಳಕೆಯಾಯಿತು. 1740ರ ದಶಕದಲ್ಲಿ ವಿದ್ಯುತ್ತಿನ ಪ್ರಯೋಗಗಳಲ್ಲಿ ತೊಡಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ತುಂಬುವುದಕ್ಕೆ ಇದೇ ಪದವನ್ನು ಹಿಡಿದರು. ಅಂಥ ಜಾಡಿಗಳನ್ನು ಸಾಲಾಗಿ ಜೋಡಿಸಿದ್ದಕ್ಕೆ 'ಬ್ಯಾಟರಿ' ಎಂದರು, ಅದು ಫಿರಂಗಿಗಳ ಸಾಲಿಗೆ ಇದ್ದ ಹೆಸರು. ರಾತ್ರಿ ಮಲಗುವ ಮುನ್ನ ಬ್ಯಾಟರಿಯನ್ನು ಚಾರ್ಜಿಗೆ ಇಡುವ ನಾವೆಲ್ಲರೂ ಹಳೆಯ ಮದ್ದಿನ ಮನೆಯ ಮಾತನ್ನು ಆಡುತ್ತಿದ್ದೇವೆ.

ಇದೆಲ್ಲ ಪರದೇಶದ ವಿಚಾರವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ. ನಾವು ಗಾಡಿಗೆ ಸಾಮಾನು ಹೇರುತ್ತೇವೆ, ದಂಡವನ್ನೂ ತೆರಿಗೆಯನ್ನೂ ಹೇರುತ್ತೇವೆ. ತಲೆಗೆ ಹುಲ್ಲಿನ ಕಟ್ಟನ್ನು ಹೊರಿಸುತ್ತೇವೆ, ಇನ್ನೊಬ್ಬರ ಮೇಲೆ ಅಪವಾದವನ್ನೂ ಹೊರಿಸುತ್ತೇವೆ. 'ಆರೋಪ' ಎಂಬ ಸಂಸ್ಕೃತ ಪದದ ಮೂಲಾರ್ಥವೂ ಮೇಲೆ ಏರಿಸುವುದು, ಮೇಲೆ ಇಡುವುದು ಎಂದೇ. ಇನ್ನೊಬ್ಬ ಅಧಿಕಾರಿಯ ಹೊಣೆ ಹೊತ್ತವರು ನಮ್ಮಲ್ಲಿ 'ಪ್ರಭಾರ'ದಲ್ಲಿ ಇರುತ್ತಾರೆ. ಅಲ್ಲಿಯೂ ಇರುವುದು ಭಾರವೇ. ನೇಗಿಲು ಹೂಡುವ, ಗಾಡಿ ಹೂಡುವ ನಾವು ದಾವೆಯನ್ನೂ ಹೂಡುತ್ತೇವೆ, ಬಂಡವಾಳವನ್ನೂ ಹೂಡುತ್ತೇವೆ. ಕೆಲವು ಕಕ್ಷಿದಾರರು ಈ ಎರಡಕ್ಕೂ ವ್ಯತ್ಯಾಸವಿಲ್ಲದಂತೆ ದಾವೆ ಹೂಡುತ್ತಾರೆ ಎಂಬುದು ಬೇರೆ ಮಾತು. ಆದ್ದರಿಂದ, ಕಚೇರಿಗೆ ಬಂದವರಿಗೆ ನಾನು ಈಗ ಇಂಗ್ಲಿಷ್ ಪದವನ್ನು ವಿವರಿಸುವುದನ್ನು ಬಿಟ್ಟು, "ಯಾವುದರ ಮೇಲೆ, ಯಾವ ಹೇರು?" ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಕಲಿಸುತ್ತಿದ್ದೇನೆ. ಟಿಕೆಟಿನ ಚಾರ್ಜ್ ಪ್ರಯಾಣಿಕನ ಕಿಸೆಯ ಮೇಲಿನ ಹೇರು. ನ್ಯಾಯಾಲಯ ಹೊರಿಸುವ ಚಾರ್ಜ್ ಆರೋಪಿಯ ತಲೆಯ ಮೇಲಿನ ಹೇರು. ಆಸ್ತಿಯ ಚಾರ್ಜ್ ಮಣ್ಣಿನ ಮೇಲಿನ ಹೇರು.

ನಾನು ಈ ಅಂಕಣ ಬರೆಯಲು ಕೂತಿದ್ದೇ ಕೊನೆಯದರ ಸಲುವಾಗಿ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 100ನೆಯ ಕಲಮು ಹೇಳುವುದನ್ನು ಸರಳವಾಗಿ ಇಡುವುದಾದರೆ, ಒಬ್ಬರ ಸ್ಥಿರಾಸ್ತಿಯು ಇನ್ನೊಬ್ಬರಿಗೆ ಬರಬೇಕಾದ ಹಣಕ್ಕೆ ಭದ್ರತೆಯಾಗಿದ್ದು, ಆ ವ್ಯವಹಾರವು ಅಡಮಾನ ಎನಿಸಿಕೊಳ್ಳದಿದ್ದಲ್ಲಿ, ಆ ಇನ್ನೊಬ್ಬರಿಗೆ ಆಸ್ತಿಯ ಮೇಲೆ ಚಾರ್ಜ್ ಇದೆ ಎನ್ನಲಾಗುತ್ತದೆ. ನಾವು ಊರಿನಲ್ಲಿ ಅಡವು ಎನ್ನುವ ಅಡಮಾನದಲ್ಲಿ ಆಸ್ತಿಯ ಹಕ್ಕಿನ ಒಂದು ಅಂಶವೇ ಸಾಲ ಕೊಟ್ಟವರ ಕೈಗೆ ದಾಟುತ್ತದೆ. ಚಾರ್ಜಿನಲ್ಲಿ ಹಕ್ಕು ದಾಟುವುದಿಲ್ಲ. ಹಣ ಬಾರದಿದ್ದರೆ ನ್ಯಾಯಾಲಯದ ಮೂಲಕ ಆ ಆಸ್ತಿಯನ್ನು ಮಾರಿಸಿ ವಸೂಲು ಮಾಡಿಕೊಳ್ಳುವ ಅವಕಾಶ ಮಾತ್ರ ಇರುತ್ತದೆ. 'ಮಾತ್ರ' ಎಂದು ನಾನು ಬರೆದದ್ದನ್ನು ಓದಿ ಯಾರೂ ಸಮಾಧಾನ ಪಟ್ಟುಕೊಳ್ಳಬಾರದು.

ಏಕೆಂದರೆ ಆ ಹೇರು ಇರುವುದು ಮನುಷ್ಯನ ಮೇಲಲ್ಲ, ಜಾಗದ ಮೇಲೆ. ಗೋಣಿ ಹೇರಿದ ಗಾಡಿಯನ್ನು ಹೇರಿದ ಹಾಗೆಯೇ ಮಾರಿದರೆ ಗೋಣಿ ಮಾರಿದವನ ಮನೆಗೆ ತಾನಾಗಿ ನಡೆದು ಹೋಗುವುದಿಲ್ಲ. ಜಾಗ ಮಾರಾಟವಾದರೂ, ಮಾರಿದವರು ತೀರಿಕೊಂಡರೂ, ಮಕ್ಕಳು ಪಾಲು ಮಾಡಿಕೊಂಡರೂ ಚಾರ್ಜ್ ಜಾಗದ ಜೊತೆಗೇ ಸಾಗುತ್ತದೆ. "ಸಾಲ ಮಾಡಿದ್ದು ಅವರಲ್ಲವೇ, ಅವರನ್ನೇ ಹಿಡಿಯಲಿ" ಎಂಬ ಮಾತನ್ನು ಕೊಂಡವರು ನನ್ನ ಮುಂದೆ ಎಷ್ಟು ನ್ಯಾಯವಾಗಿ ಹೇಳಿದರೂ ಅದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಒಂದು ರಿಯಾಯಿತಿ ಇದೆ ಎಂಬುದನ್ನೂ ಹೇಳಬೇಕು: ಚಾರ್ಜ್ ಇರುವುದು ತಿಳಿಯದೆ, ತಕ್ಕ ಬೆಲೆ ಕೊಟ್ಟು ಕೊಂಡವರ ವಿರುದ್ಧ ಅದನ್ನು ಸಾಮಾನ್ಯವಾಗಿ ಜಾರಿಗೊಳಿಸಲಾಗದು. ಆದರೆ ಚಾರ್ಜಿನ ಮಾತು ಕ್ರಮವಾಗಿ ನೋಂದಣಿಯಾದ ಪತ್ರದಲ್ಲಿದ್ದರೆ, ನೀವು ಅದನ್ನು ಓದಿರದಿದ್ದರೂ ತಿಳಿದಿತ್ತು ಎಂದೇ ಕಾನೂನು ಭಾವಿಸುತ್ತದೆ. ಪ್ರತಿ ಪತ್ರದ ಒಕ್ಕಣೆ ಬೇರೆಬೇರೆ ಇರುವುದರಿಂದ, ಈ ಅಂಕಣವನ್ನು ಕತ್ತರಿಸಿಟ್ಟುಕೊಂಡು ಯಾರೂ ಮುಂಗಡ ಕೊಡಬಾರದೆಂದು ಕೇಳಿಕೊಳ್ಳುತ್ತೇನೆ.

"ಇಸಿ ತೆಗೆದಿದ್ದೇವಲ್ಲ ಮಾರಾಯರೇ, ಅದರಲ್ಲಿ ಎಂತದೂ ಇಲ್ಲ" ಎಂಬುದು ಮುಂದಿನ ವಾದ. ಇಸಿ ಎಂದು ಕರೆಯುವ ಈ ಋಣಭಾರ ಪ್ರಮಾಣಪತ್ರವು ನೀವು ಕೇಳಿದ ಅವಧಿಯಲ್ಲಿ ನೋಂದಣಿ ಕಚೇರಿಯ ದಾಖಲೆಗೆ ಸೇರಿದ್ದನ್ನು ಮಾತ್ರ ತೋರಿಸುತ್ತದೆ. ಮುಂಬಯಿಯ ನನ್ನ ಕಕ್ಷಿದಾರರು ಹದಿನೈದು ವರ್ಷಗಳ ಇಸಿ ತೆಗೆದಿದ್ದರು. ಚಾರ್ಜ್ ಇದ್ದದ್ದು 1998ರ ಪಾಲುಪಟ್ಟಿಯ ಒಂಬತ್ತನೆಯ ಪುಟದಲ್ಲಿ. ಮಾರಿದವರಿಗೆ ಪೂರ್ತಿ ಬೆಲೆ ಸಂದಿಲ್ಲದಿದ್ದರೆ ಬಾಕಿ ಹಣಕ್ಕಾಗಿ ಅವರಿಗೆ ಕಾನೂನೇ ಕೊಡುವ ಚಾರ್ಜಿಗಂತೂ ಪ್ರತ್ಯೇಕ ಪತ್ರವೇ ಬೇಕಾಗಿಲ್ಲ; ಅದು ಇಸಿಯಲ್ಲಿ ಎಲ್ಲಿಂದ ಕಾಣಬೇಕು?

ಇದರ ತಿರುಗುಮುರುಗು ಪ್ರಕರಣಗಳೂ ಇವೆ. ಕೃಷಿ ಸಾಲಕ್ಕಾಗಿ ಬ್ಯಾಂಕಿಗೋ ಸಹಕಾರಿ ಸಂಘಕ್ಕೋ ಘೋಷಣಾ ಪತ್ರ ಬರೆದುಕೊಟ್ಟು ಜಾಗದ ಮೇಲೆ ಚಾರ್ಜ್ ನಿರ್ಮಿಸಿದವರು, ಸಾಲವನ್ನು ಪ್ರಾಮಾಣಿಕವಾಗಿ ತೀರಿಸಿ, ಬಾಕಿ ಇಲ್ಲವೆಂಬ ಪತ್ರವನ್ನು ಕಪಾಟಿನಲ್ಲಿ ದೇವರ ಫೋಟೋದ ಹಿಂದೆ ಭದ್ರವಾಗಿ ಇಟ್ಟಿರುತ್ತಾರೆ. ಪಹಣಿಯ 11ನೆಯ ಕಾಲಮಿನಲ್ಲಿ ಋಣ ಹಾಗೆಯೇ ಮುಂದುವರಿಯುತ್ತಿರುತ್ತದೆ. ಹೇರು ಇಳಿದಿದೆ, ಗಾಡಿಗೆ ಅಂಟಿಸಿದ ಚೀಟಿ ಇಳಿದಿಲ್ಲ. ಸಾಲ ತೀರಿಸುವುದು ಒಂದು ಕೆಲಸ, ಅದು ತೀರಿತೆಂದು ದಾಖಲೆಯಲ್ಲಿ ಬರೆಸುವುದು ಇನ್ನೊಂದು ಕೆಲಸ ಎಂಬುದನ್ನು ನಾನು ನನ್ನ ಸ್ವಂತ ಭಾವನಿಗೇ ಎರಡು ಬಾರಿ ಹೇಳಬೇಕಾಯಿತು.

ಇತ್ತೀಚೆಗೆ ಇನ್ನೊಂದು ಉಪದ್ರವ ಸೇರಿಕೊಂಡಿದೆ. ಉಡುಪಿಯಲ್ಲಿ ಮನೆ ಮಾರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ನಾನು ಕ್ರಯಪತ್ರದ ಇಂಗ್ಲಿಷ್ ಕರಡನ್ನು ಕಳುಹಿಸಿದ್ದೆ. ಅದರಲ್ಲಿ ಎಲ್ಲ ಕ್ರಯಪತ್ರಗಳಲ್ಲಿ ಇರುವಂತೆ, ಈ ಆಸ್ತಿ ಯಾವುದೇ ಚಾರ್ಜಿಗೆ ಒಳಪಟ್ಟಿಲ್ಲವೆಂದು ಮಾರುವವರು ಭರವಸೆ ಕೊಡುವ ಸಾಲೊಂದಿತ್ತು. ಮೊಮ್ಮಗ ಅದನ್ನು ಫೋನಿನಲ್ಲಿ ಭಾಷಾಂತರಿಸಿ ಓದಿ ಹೇಳಿದ್ದಾನೆ: ಎಲ್ಲ ಆರೋಪಗಳಿಂದ ಮುಕ್ತ. ಮರುದಿನ ಬೆಳಿಗ್ಗೆ ಮೇಷ್ಟ್ರು ಬಸ್ಸು ಹಿಡಿದು ಮಂಗಳೂರಿಗೇ ಬಂದು, ಕೊಡೆಯನ್ನು ಮೂಲೆಗಿಟ್ಟು, "ನಲವತ್ತು ವರ್ಷ ಪಾಠ ಮಾಡಿದ್ದೇನೆ, ನನ್ನ ಮೇಲೆ ಯಾವ ಆರೋಪ ಇತ್ತೆಂದು ನೀವು ಅದರಿಂದ ನನ್ನನ್ನು ಮುಕ್ತ ಮಾಡುವುದು?" ಎಂದು ಕೇಳಿದರು. ಅವರನ್ನು ಸಮಾಧಾನಪಡಿಸಲು ಎರಡು ಲೋಟ ಕಾಫಿ ಬೇಕಾಯಿತು. ಆ ಸಾಲನ್ನು ಅವರೇ ಕೊನೆಗೆ ತಿದ್ದಿಕೊಟ್ಟರು: 'ಯಾವುದೇ ಋಣಭಾರಕ್ಕೆ ಒಳಪಡದ'. ನಾನು ಅಂದಿನಿಂದ ಕರಡುಗಳನ್ನು ಕನ್ನಡದಲ್ಲೇ ಕಳುಹಿಸುತ್ತಿದ್ದೇನೆ.

ಕ್ರಿಮಿನಲ್ ಪ್ರಕರಣಗಳು ನನ್ನ ಕ್ಷೇತ್ರವಲ್ಲವಾದರೂ ಎರಡು ಮಾತು ಹೇಳಬಹುದು. ಚಾರ್ಜ್‌ಶೀಟ್ ಎಂದು ನಾವು ಕರೆಯುವುದು ತನಿಖೆ ಮುಗಿಸಿ ಪೊಲೀಸರು ಸಲ್ಲಿಸುವ ವರದಿ. ಅದನ್ನು ನೋಡಿ ಆರೋಪವನ್ನು ನಿಗದಿಪಡಿಸುವವರು ನ್ಯಾಯಾಧೀಶರು. ಆ ಹಂತದಲ್ಲೇ ಹುರುಳಿಲ್ಲವೆಂದು ಕಂಡು ಬಿಟ್ಟುಕಳುಹಿಸಿದರೆ ಅದು ಡಿಸ್ಚಾರ್ಜ್, ಅಂದರೆ ಹೇರು ಇಳಿಸಿದ್ದು. ವಿಚಾರಣೆ ಪೂರ್ತಿಯಾಗಿ ನಿರ್ದೋಷಿ ಎಂದರೆ ಖುಲಾಸೆ. ಆಸ್ಪತ್ರೆಯವರು ರೋಗಿಯನ್ನು ಇಳಿಸುವುದಕ್ಕೂ ಡಿಸ್ಚಾರ್ಜ್ ಎಂದೇ ಹೆಸರು, ಅಲ್ಲಿ ಹೇರು ಇಳಿಯುವುದು ಆಸ್ಪತ್ರೆಗೆ. ಚಾರ್ಜ್ ಏರುವುದು ಮನೆಯವರಿಗೆ.

ಮುಂಬಯಿಯವರ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. ಪಾಲುಪಟ್ಟಿಯ ಒಂಬತ್ತನೆಯ ಪುಟದ ಪ್ರಕಾರ, ಆ ಜಾಗ ಪಾಲಿಗೆ ಬಂದ ಮಗನು ತಾಯಿಗೆ ಜೀವಿತಕಾಲದವರೆಗೆ ತಿಂಗಳಿಗೆ ಇಂತಿಷ್ಟು ಹಣ, ವರ್ಷಕ್ಕೆ ನಾಲ್ಕು ಮುಡಿ ಕುಚ್ಚಲಕ್ಕಿ ಕೊಡಬೇಕು. ಅವುಗಳ ಭದ್ರತೆಗೆ ಆ ಜಾಗದ ಮೇಲೆ ಚಾರ್ಜ್ ಇರತಕ್ಕದ್ದು. ಹಣ ಮೊದಲ ಕೆಲವು ವರ್ಷ ಸಂದು ನಿಂತಿತ್ತು, ಅಕ್ಕಿಯೂ ಅಷ್ಟೇ. ಎಂಬತ್ತು ದಾಟಿದ ಆ ತಾಯಿ ಮಗಳ ಮನೆಯಲ್ಲಿದ್ದರು. ಚಾರ್ಜನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಲು ಮಗ ಅವರನ್ನು ಕರೆತಂದಾಗ ನಾನು ಪತ್ರವನ್ನು ತುಳುವಿನಲ್ಲಿ ವಿವರಿಸಿ, ಸಹಿ ಹಾಕಿದರೆ ಏನು ಹೋಗುತ್ತದೆ ಎಂಬುದನ್ನೂ ಹೇಳಿದೆ. ಅದಕ್ಕಾಗಿ ಮಗನಿಂದ ಸ್ವಲ್ಪ ಬೈಸಿಕೊಂಡೆ ಕೂಡ. ಅಮ್ಮ ಬಾಕಿ ಹಣವನ್ನು ಮಾರಾಟದ ಮೊತ್ತದಿಂದ ಎಣಿಸಿ ತೆಗೆದುಕೊಂಡರು, ಮುಂದಿನ ಮಾಸಾಶನಕ್ಕೆ ಒಂದು ಇಡುಗಂಟು ಒಪ್ಪಿದರು. ಅಕ್ಕಿಯನ್ನು ಬಿಡಲು ಒಪ್ಪಲಿಲ್ಲ. "ಅದು ಆ ಗದ್ದೆಯದ್ದು" ಎಂದಷ್ಟೇ ಹೇಳಿದರು.

ಹೀಗಾಗಿ ಕ್ರಯಪತ್ರವು ನಾಲ್ಕು ಮುಡಿ ಅಕ್ಕಿಯ ಚಾರ್ಜಿಗೆ ಒಳಪಟ್ಟೇ ನೋಂದಣಿಯಾಯಿತು, ಕೊಂಡವರು ಅದಕ್ಕಾಗಿ ಬೆಲೆಯಲ್ಲಿ ಒಂದಿಷ್ಟು ಕಡಿಮೆ ಮಾಡಿಸಿಕೊಂಡರು, ಕೊಯ್ಲಿನ ಬಳಿಕ ಅಕ್ಕಿಯನ್ನು ಕಳುಹಿಸಿಯೂ ಇದ್ದಾರೆ. ಬೈಹುಲ್ಲಿನಲ್ಲಿ ಮುಡಿ ಕಟ್ಟುವವರು ಈಗ ಸುಲಭದಲ್ಲಿ ಸಿಗುವುದಿಲ್ಲವಾದ್ದರಿಂದ ಅದು ಗೋಣಿಯಲ್ಲಿ ಹೋಯಿತು. ಒಂದು ಮುಡಿಯೆಂದರೆ ಎಷ್ಟು ಕಿಲೋ ಎಂಬ ಬಗ್ಗೆ ಮಾತ್ರ ಅಮ್ಮನಿಗೂ ಅವರಿಗೂ ಇನ್ನೂ ಒಮ್ಮತವಾಗಿಲ್ಲ. ಆ ಪದದ ಅರ್ಥವನ್ನು ಪತ್ರದಲ್ಲಿ ಬಿಡಿಸಿ ಬರೆಯುವುದು ನನಗೇ ಹೊಳೆದಿರಲಿಲ್ಲ.