ಟೈರು ಉರುಳಿಸೋದು ಹೊಸ ಯೋಚನೆಯಾ? ಬಿ.ಪಿ.ಎಡ್. ಗೆಳೆಯರಿಗೆ ನನ್ನ ಟಿಪ್ಪಣಿ

ದೈಹಿಕ ಶಿಕ್ಷಣ ಶಿಕ್ಷಕರಾಗಲು ನಾವು ಓದುವ ಬಿ.ಪಿ.ಎಡ್.ನ ಸೃಜನಶೀಲ ಚಿಂತನೆಯ ಪಾಠದಲ್ಲಿ ನಾನು ಎರಡು ದಿನ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ರಾತ್ರಿ ಬಿಡಿಸಿಕೊಂಡೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಿನ್ನೆಲೆ ಇಷ್ಟೇ. ಸೃಜನಶೀಲತೆಯ ಬಗ್ಗೆ ಸಂಶೋಧನೆ ಸಾಲದು ಎಂದು ಮನಶ್ಶಾಸ್ತ್ರಜ್ಞ ಗಿಲ್ಫರ್ಡ್ 1950ರಲ್ಲಿ ಹೇಳಿದರು. ಅದನ್ನು ಅಳೆಯುವ ಟೊರೆನ್ಸ್ ಪರೀಕ್ಷೆ ಬಂದದ್ದು 1966ರಲ್ಲಿ. ಆಗ ಅಳೆದದ್ದು ನಾಲ್ಕನ್ನು: ಫ್ಲುಯೆನ್ಸಿ, ಫ್ಲೆಕ್ಸಿಬಿಲಿಟಿ, ಒರಿಜಿನಾಲಿಟಿ, ಎಲಾಬರೇಶನ್. ಫ್ಲೆಕ್ಸಿಬಿಲಿಟಿ ಅಂದ ಕೂಡಲೇ ನಮಗೆ ಸಿಟ್ ಅಂಡ್ ರೀಚ್ (ಕೂತು ಮುಂದಕ್ಕೆ ಬಾಗಿ ಮೈ ಎಷ್ಟು ಬಾಗುತ್ತೆ ಅಂತ ನೋಡುವ ಪರೀಕ್ಷೆ) ನೆನಪಾಗುತ್ತೆ, ಇಲ್ಲಿ ಅದಲ್ಲ.

ಅಡಿಕೆ ಹಾಳೆಯಿಂದ ಏನೇನು ಮಾಡಬಹುದು ಅಂತ ಬರೆದುಕೊಂಡೆ. ಕೂರಿಸಿ ಎಳೆಯೋದು, ತಟ್ಟೆ, ದೊನ್ನೆ, ಟೋಪಿ, ಬೀಸಣಿಗೆ, ಓಟಕ್ಕೆ ಗುರುತು, ಲಗೋರಿಯಲ್ಲಿ ಚೆಂಡು ತಡೆಯೋ ಗುರಾಣಿ. ಏಳು ಉತ್ತರ, ಫ್ಲುಯೆನ್ಸಿ 7. ತಟ್ಟೆ, ದೊನ್ನೆ ಎರಡೂ ಊಟದ್ದು. ಗುರುತು, ಗುರಾಣಿ ಎರಡೂ ಆಟದ ಸಾಮಾನು. ಹಾಗಾಗಿ ಬಗೆ ಐದೇ, ಫ್ಲೆಕ್ಸಿಬಿಲಿಟಿ 5. ವಿವರ ಎಷ್ಟು ಸೇರಿಸಿದ್ದೀರಿ ಅನ್ನೋದು ಎಲಾಬರೇಶನ್.

ನಾನು ಎಡವಿದ್ದು ಒರಿಜಿನಾಲಿಟಿಯಲ್ಲಿ. ಯೋಚನೆ ಚೆನ್ನಾಗಿದ್ದರೆ ಅಂಕ ಅಂದುಕೊಂಡಿದ್ದೆ. ಹಾಗಲ್ಲ, ಆ ಉತ್ತರ ಗುಂಪಿನಲ್ಲಿ ಎಷ್ಟು ಅಪರೂಪ ಅನ್ನೋದೇ ಅಂಕ. ಸಾಮಾನ್ಯವಾಗಿ ಬಳಸುವ ಒಂದು ಕ್ರಮದಲ್ಲಿ 5%ಕ್ಕಿಂತ ಕಡಿಮೆ ಜನ ಬರೆದಿದ್ದರೆ 1, ಇಲ್ಲದಿದ್ದರೆ ಸೊನ್ನೆ. ಹಾಳೆ ಎಳೆಯೋ ಆಟ ಆಡದ ಮಕ್ಕಳು ಮಲೆನಾಡಿನಲ್ಲಿ ಯಾರಿದ್ದಾರೆ? ನಮ್ಮ ತರಗತಿಯಲ್ಲಿ ಅದಕ್ಕೆ ಸೊನ್ನೆಯೇ.

ಈಗ ಎರಡು ದೇಶದ ಪ್ರಶಿಕ್ಷಣಾರ್ಥಿಗಳನ್ನು ಹೋಲಿಸಬೇಕು ಅಂತಿಟ್ಟುಕೊಳ್ಳಿ. ಹಾಳೆ ಇನ್ನೊಂದು ದೇಶದವರಿಗೆ ಗೊತ್ತಿಲ್ಲ, ಅದನ್ನು ಬಿಟ್ಟು ಇಬ್ಬರಿಗೂ ಗೊತ್ತಿರೋ ಹಳೇ ಸೈಕಲ್ ಟೈರು ತಗೊಳ್ಳೋಣ. ನಮ್ಮವರು 200, ಅವರು 40. (ಲೆಕ್ಕಕ್ಕಾಗಿ ನಾನೇ ಹಾಕಿಕೊಂಡ ಸಂಖ್ಯೆಗಳು.) ಟೈರನ್ನು ಗೋಡೆಗೆ ನೇತುಹಾಕಿ ಗಿಡ ಬೆಳೆಸಬಹುದು ಅಂತ ಅವರಲ್ಲಿ 8 ಮಂದಿ ಬರೆದರು, ನಮ್ಮಲ್ಲಿ ಯಾರೂ ಇಲ್ಲ. ಅವರ ಗುಂಪಿನಲ್ಲಿ 8 ಅಂದರೆ 20%, ಅಂಕ ಸೊನ್ನೆ. ಎಲ್ಲರನ್ನೂ ಸೇರಿಸಿ 240ರಲ್ಲಿ ಲೆಕ್ಕ ಹಾಕಿದರೆ 3.3%, ಅಂಕ ಬಂತು! ಉತ್ತರ ಅದೇ, ಬರೆದವರೂ ಅವರೇ. ನಮ್ಮವರ ಕತೆ ಉಲ್ಟಾ. ಕೋಲಿನಿಂದ ಟೈರು ಉರುಳಿಸೋದನ್ನು ನಮ್ಮಲ್ಲಿ 150 ಮಂದಿ ಬರೆದರೆ, ಹೇಗೆ ಲೆಕ್ಕ ಹಾಕಿದರೂ ಅದಕ್ಕೆ ಸೊನ್ನೆ. ಅಂದರೆ ಎಲ್ಲರನ್ನೂ ಒಟ್ಟು ಸೇರಿಸಿದರೆ ಚಿಕ್ಕ ಗುಂಪಿಗೆ ಲಾಭ. ಬೇರೆ ಬೇರೆ ಲೆಕ್ಕ ಹಾಕಿದರೆ ಒಬ್ಬೊಬ್ಬರ ಅಂಕವೂ ಅವರ ಊರಿನ ಅಳತೆಗೋಲಿನದು, ಆಗ ಯಾರು ಜಾಸ್ತಿ ಸೃಜನಶೀಲರು ಅಂತ ಕೇಳೋಕೇ ಆಗಲ್ಲ. ಇಂಥ ಹೋಲಿಕೆ ಓದುವಾಗ ನಾನೀಗ ಮೊದಲು ನೋಡೋದು ಇದನ್ನೇ: ಅಪರೂಪ ಅಂದರೆ ಯಾರ ನಡುವೆ ಅಪರೂಪ?

ತಮಗೆ ತಾವೇ 1ರಿಂದ 5ರವರೆಗೆ ಅಂಕ ಹಾಕಿಕೊಳ್ಳುವ ಪ್ರಶ್ನಾವಳಿಗೂ ಇಂಥದೇ ತೊಡಕು. "ಮಕ್ಕಳೆದುರು ಹೊಸ ಆಟ ಪ್ರಯತ್ನಿಸಲು ನನಗೆ ಧೈರ್ಯವಿದೆ" ಎನ್ನುವ ಸಾಲಿಗೆ ಒಂದು ಕಡೆಯವರು ಸಲೀಸಾಗಿ 5 ಹಾಕುತ್ತಾರೆ, ಇನ್ನೊಂದು ಕಡೆಯವರು ಹೊಗಳಿಕೊಂಡಂತಾಗುತ್ತೆ ಅಂತ 3ಕ್ಕೆ ನಿಲ್ಲುತ್ತಾರೆ. ಅನುವಾದ ಮಾಡಿ, ಮತ್ತೆ ಮೂಲ ಭಾಷೆಗೆ ತಿರುಗಿಸಿ ನೋಡುವುದು ಬೇಕೇ ಬೇಕು, ಆದರೆ ಅಷ್ಟೇ ಸಾಲದು.

ಇನ್ನು ಮಕ್ಕಳಲ್ಲಿ ಸೃಜನಶೀಲತೆ ಬೆಳೆಸೋ ವಿಚಾರ. ದೈಹಿಕ ಶಿಕ್ಷಣದ ಪಾಠ ಹೇಳುವ ಬಗೆಗಳನ್ನು ವಿಂಗಡಿಸಿದ ಮಾಸ್ಟನ್ ಅವರ ಬೋಧನಾ ಶೈಲಿಗಳನ್ನು ಸುಮ್ನೆ ಉರು ಹೊಡೆಯಬೇಡಿ. ಹನ್ನೊಂದರಲ್ಲಿ ಮೊದಲ ಐದರವರೆಗೆ ಮಕ್ಕಳು ಗೊತ್ತಿರೋದನ್ನೇ ಮಾಡುತ್ತಾರೆ, ಆರನೆಯದರಿಂದ ತಾವೇ ಕಂಡುಕೊಳ್ಳುತ್ತಾರೆ. ನಮ್ಮ ಅಭ್ಯಾಸ ಪಾಠ ಬಹುಪಾಲು ಸಾವಧಾನ್, ವಿಶ್ರಾಮ್‌ನಲ್ಲೇ ಮುಗಿಯುತ್ತೆ, ಅದು ಮೊದಲನೇ ಶೈಲಿ, ಆಜ್ಞೆ ಕೊಟ್ಟು ಮಾಡಿಸೋದು.

ಕಳೆದ ವಾರ ಮಳೆ ಬಿಡಲಿಲ್ಲ. ನಾಲ್ಕನೇ ಕ್ಲಾಸಿನವರನ್ನು ಶಾಲೆಯ ಜಗಲಿಯಲ್ಲಿ ನಿಲ್ಲಿಸಿ, ಅಡಿಕೆ ಹಾಳೆ ಕೊಟ್ಟು, ದಾರಿ ಅವರೇ ಕಂಡುಕೊಳ್ಳಲಿ ಅಂತ, ಕಾಲು ನೆಲಕ್ಕೆ ತಾಗದ ಹಾಗೆ ಆ ಕಂಬ ಮುಟ್ಟಿ ಅಂದೆ. ಒಬ್ಬಳು ಎರಡು ಹಾಳೆ ತಗೊಂಡು, ಒಂದರ ಮೇಲೆ ನಿಂತು, ಇನ್ನೊಂದನ್ನು ಮುಂದಿಟ್ಟು, ಅದಕ್ಕೆ ದಾಟಿ, ಹಿಂದಿನದನ್ನು ಬಗ್ಗಿ ಎತ್ತಿಕೊಂಡು ಹೋದಳು. ನಿಮಿಷದೊಳಗೆ ಉಳಿದವರೆಲ್ಲ ಅದನ್ನೇ ಮಾಡುತ್ತಿದ್ದರು. ಆಗ ಎಣಿಸಿದ್ದರೆ ಅವಳಿಗೂ ಸೊನ್ನೆಯೇ ಬರುತ್ತಿತ್ತು. ಅದಕ್ಕೇ ಇನ್ನು ಮುಂದೆ ಒಬ್ಬೊಬ್ಬರನ್ನೇ ಕರೆದು ಮಾಡಿಸಿ, ಬರೆದುಕೊಳ್ಳುತ್ತೇನೆ.